ಮೂಟೆ ಹೊರಿಸಿದವನು ಯಾರು?

(ಜೂನ್ 26 ರ ಮಾದಕ ವಸ್ತು ವಿರೋಧಿ ದಿನದ ಸಂಜೆ ನಡೆದ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಅಂತರರಾಷ್ಟ್ರೀಯ ಮಾದಕ ವಸ್ತುಗಳ ಕಳ್ಳಸಾಗಣೆಯನ್ನು ಕುರಿತು ನಾನು ಮಾತನಾಡಬೇಕೆಂದು ಈ ಸಭೆಯ ವ್ಯವಸ್ಥಾಪಕರು ಅಪ್ಪಣೆ ಮಾಡಿದಾಗ ಮೊದಲು ಹಿಂಜರಿದೆ. ನಾನು ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದು, ಆಮೇಲೆ ಸಂಘಟನೆಯ ಕೆಲಸಕ್ಕೆ ಬಂದವನು. ವೈದ್ಯನಲ್ಲ, ವಕೀಲನಲ್ಲ, ಪೊಲೀಸಿನವನಂತೂ ಅಲ್ಲವೇ ಅಲ್ಲ. ಆದರೂ ಒಪ್ಪಿಕೊಂಡೆ. ಏಕೆಂದರೆ ಒಂದು ಪ್ರಶ್ನೆ ಎರಡು ತಿಂಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಅದನ್ನು ಕೇಳಿದವರು ಅಕ್ಷರ ಬಾರದ ಒಬ್ಬ ತಾಯಿ.

ಆಕೆಯ ಮಗ ನನ್ನ ಬಳಿ ಐದನೆಯ ತರಗತಿ ಓದಿದವನು. ಲೆಕ್ಕದಲ್ಲಿ ಚುರುಕು. ಮನೆಯ ಬಡತನ ಅವನನ್ನು ಶಾಲೆ ಬಿಡಿಸಿ ಲಾರಿಯ ಕ್ಲೀನರನನ್ನಾಗಿ ಮಾಡಿತು. ಒಂದು ರಾತ್ರಿ ಹೆದ್ದಾರಿಯಲ್ಲಿ ಲಾರಿ ತಡೆದು ನೋಡಿದಾಗ ಈರುಳ್ಳಿ ಮೂಟೆಗಳ ನಡುವೆ ಗಾಂಜಾದ ಮೂಟೆಯೊಂದು ಸಿಕ್ಕಿತು. ಡ್ರೈವರ್ ಕತ್ತಲಲ್ಲಿ ಓಡಿಹೋದ, ಹುಡುಗ ಸಿಕ್ಕಿಬಿದ್ದ. ತೂಕ ಇಪ್ಪತ್ತು ಕಿಲೋ ಮೀರಿತ್ತು. ಇಪ್ಪತ್ತು ಕಿಲೋ ಮೀರಿದ ಗಾಂಜಾ ಕಾನೂನಿನ ಕಣ್ಣಿನಲ್ಲಿ ವ್ಯಾಪಾರದ ಸರಕು. ಅಪರಾಧ ಸಿದ್ಧವಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸಜೆ; ಅಲ್ಲಿಯವರೆಗೆ ಜಾಮೀನು ಸಿಕ್ಕುವುದೂ ಬಲು ಕಷ್ಟ. ಆ ತಾಯಿ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದ ಮಾತು ಇಷ್ಟು: "ಮೇಷ್ಟ್ರೇ, ನನ್ ಮಗ ತಪ್ಪು ಮಾಡಿದ್ರೆ ಶಿಕ್ಷೆ ಆಗ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಆ ಮೂಟೆ ಅವನ ಮ್ಯಾಲೆ ಹೊರಿಸಿದೋನು ಯಾರು ಅಂತ ಒಬ್ಬರಾದ್ರೂ ಕೇಳಬ್ಯಾಡ್ವಾ?"

ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ. ಇದು ಒಂದು ಲಾರಿಯ ಪ್ರಶ್ನೆಯಲ್ಲ. ಇನ್ನೂರೈವತ್ತು ವರ್ಷಗಳ ವ್ಯಾಪಾರದ ಪ್ರಶ್ನೆ. ಗಾಂಜಾವನ್ನು ಬಿಟ್ಟು ಅಫೀಮಿನ ಕಥೆಯನ್ನು ಹೇಳುತ್ತೇನೆ. ಏಕೆಂದರೆ ಈ ವ್ಯಾಪಾರಗಳಲ್ಲೆಲ್ಲ ಮೊದಲಿನಿಂದ ಲೆಕ್ಕದ ಪುಸ್ತಕ ಇಟ್ಟಿರುವುದು ಅಫೀಮು ಒಂದೇ. ಆ ಪುಸ್ತಕವನ್ನು ಬರೆದವರು ಕಳ್ಳರಲ್ಲ, ಸರ್ಕಾರದ ಗುಮಾಸ್ತರು.

ಪಾಯಸದ ಗಿಡ

ಹಬ್ಬದ ದಿನ ನಮ್ಮ ಮನೆಗಳಲ್ಲಿ ಗಸಗಸೆ ಪಾಯಸ ಮಾಡುತ್ತಾರೆ. ಆ ಗಸಗಸೆ ಹುಟ್ಟುವ ಗಿಡದಿಂದಲೇ ಅಫೀಮು ಬರುತ್ತದೆ. ತಾಯಂದಿರು ಹೆದರಬೇಕಾಗಿಲ್ಲ. ಅಮಲು ಇರುವುದು ಬೀಜದಲ್ಲಲ್ಲ, ಹಸಿ ಕಾಯಿಯ ಹಾಲಿನಲ್ಲಿ. ಹೂವು ಉದುರಿದ ಮೇಲೆ ಕಾಯಿಗೆ ಸಣ್ಣ ಚೂರಿಯಿಂದ ಗೀರು ಹಾಕುತ್ತಾರೆ. ರಾತ್ರಿಯೆಲ್ಲ ಹಾಲು ಒಸರಿ ಗಟ್ಟಿಯಾಗುತ್ತದೆ. ಬೆಳಗ್ಗೆ ಅದನ್ನು ಕೆರೆದು ತೆಗೆಯುತ್ತಾರೆ. ಒಂದೊಂದು ಕಾಯಿಗೂ ಹಲವು ಸಲ ಗೀರು, ಹಲವು ಸಲ ಕೆರೆತ. ಇಡೀ ಸಂಸಾರ ಹೊಲದಲ್ಲಿ ಬಗ್ಗಿ ದುಡಿಯಬೇಕಾದ ಬೆಳೆ ಇದು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧಿ ತಯಾರಕನೊಬ್ಬ ಅಫೀಮಿನ ಸಾರವಾದ ಮಾರ್ಫಿನನ್ನು ಬೇರ್ಪಡಿಸಿದ. ನೋವು ಕಳೆಯುವುದರಲ್ಲಿ ಅದಕ್ಕೆ ಸಮನಾದದ್ದು ಇಂದಿಗೂ ಕಡಿಮೆ. 1898 ರಲ್ಲಿ ಅದೇ ದೇಶದ ಬೇಯರ್ ಕಂಪನಿ ಮಾರ್ಫಿನಿನಿಂದ ಮಾಡಿದ ಇನ್ನೊಂದು ವಸ್ತುವನ್ನು ಕೆಮ್ಮಿನ ಔಷಧಿಯೆಂದು ಪೇಟೆಗೆ ಬಿಟ್ಟಿತು. ಅದಕ್ಕೆ ಕಂಪನಿಯವರೇ ಇಟ್ಟ ಹೆಸರು ಹೆರಾಯಿನ್. ಇಂದು ಜಗತ್ತಿನ ಪೊಲೀಸರೆಲ್ಲ ಬೆನ್ನಟ್ಟುತ್ತಿರುವ ಆ ಹೆಸರು ಒಂದು ಕಾಲದಲ್ಲಿ ಅಂಗಡಿಯ ಬಾಟಲಿಯ ಮೇಲಿನ ಚೀಟಿಯಾಗಿತ್ತು.

ಕಂಪನಿ ಸರ್ಕಾರದ ಅಂಗಡಿ

ಈಗ ಲೆಕ್ಕದ ಪುಸ್ತಕವನ್ನು ತೆರೆಯೋಣ.

ಚೀನಾದ ಚಕ್ರವರ್ತಿ 1729 ರಷ್ಟು ಹಿಂದೆಯೇ ಅಫೀಮು ಸೇದಲು ಮಾರುವುದನ್ನು ನಿಷೇಧಿಸಿದ್ದ. ಆದರೆ ಇಂಗ್ಲಿಷರಿಗೆ ಚೀನಾದ ಚಹಾ ಬೇಕಾಗಿತ್ತು. ಚೀನಾಕ್ಕೆ ಇಂಗ್ಲಿಷರ ಸರಕು ಬೇಕಾಗಿರಲಿಲ್ಲ. ಚಹಾಕ್ಕೆ ಬೆಳ್ಳಿಯನ್ನೇ ಸುರಿಯಬೇಕಾಗಿತ್ತು. ಈ ಬೆಳ್ಳಿಯನ್ನು ವಾಪಸು ತರುವ ಉಪಾಯ ಬಂಗಾಳ ಮತ್ತು ಬಿಹಾರದ ಹೊಲಗಳಲ್ಲಿ ದೊರೆಯಿತು. 1773 ರಲ್ಲಿ ವಾರನ್ ಹೇಸ್ಟಿಂಗ್ಸ್ ಆ ಪ್ರಾಂತದ ಅಫೀಮನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ತಂದ. ಪಾಟ್ನಾದಲ್ಲೊಂದು, ಗಾಜೀಪುರದಲ್ಲೊಂದು ಕಾರ್ಖಾನೆ. ರೈತ ಲೈಸೆನ್ಸಿಲ್ಲದೆ ಬೆಳೆಯುವಂತಿಲ್ಲ. ಬೆಳೆದದ್ದನ್ನು ಸರ್ಕಾರಕ್ಕಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ. ಬೆಲೆಯನ್ನು ಗೊತ್ತುಮಾಡುವವನು ಕೊಳ್ಳುವವನೇ.

ಹಾಗಾದರೆ ರೈತ ಬೆಳೆದನೇಕೆ? ಮುಂಗಡಕ್ಕಾಗಿ. ಬಿತ್ತನೆಯ ಹೊತ್ತಿಗೆ ಸರ್ಕಾರದ ಅಫೀಮು ಇಲಾಖೆ ಮುಂಗಡ ಹಣ ಕೊಡುತ್ತಿತ್ತು. ಜಮೀನ್ದಾರನ ಗೇಣಿಯ ಕಂತು ತಲೆಯ ಮೇಲೆ ಕುಳಿತಿರುವಾಗ ಕೈಗೆ ಬರುವ ಆ ರೂಪಾಯಿಯನ್ನು ಬಿಡುವವರಾರು? ಒಮ್ಮೆ ತೆಗೆದುಕೊಂಡರೆ ಮುಗಿಯಿತು. ಬೆಳೆ ಕಡಿಮೆಯಾದರೆ ಬಾಕಿ, ಬಾಕಿಗಾಗಿ ಮತ್ತೆ ಬೆಳೆ. ಅಲ್ಲಿ ಅಫೀಮು ಬೆಳೆಯುವ ರೈತನಿಗೆ 'ಅಸಾಮಿ' ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥ ರೈತ ಕುಟುಂಬಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಗೊಬ್ಬರ, ನೀರು, ಗೇಣಿ, ಮನೆಮಂದಿಯ ಕೂಲಿ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದ ಇತಿಹಾಸಕಾರರು, ಬಹುಪಾಲು ರೈತನಿಗೆ ಇದು ನಷ್ಟದ ಬೆಳೆಯೇ ಆಗಿತ್ತೆಂದು ತೋರಿಸಿದ್ದಾರೆ. ಅದೇ ಹೊತ್ತಿಗೆ ಸರ್ಕಾರದ ಬೊಕ್ಕಸಕ್ಕೆ ಭೂಕಂದಾಯವನ್ನು ಬಿಟ್ಟರೆ ಅತಿ ದೊಡ್ಡ ಆದಾಯಗಳಲ್ಲಿ ಅಫೀಮೂ ಒಂದಾಗಿತ್ತು.

ಕಾರ್ಖಾನೆಯಲ್ಲಿ ಅಫೀಮನ್ನು ಉಂಡೆ ಕಟ್ಟಿ, ನಲವತ್ತು ಉಂಡೆಗೆ ಒಂದು ಪೆಟ್ಟಿಗೆಯಂತೆ ತುಂಬಿ, ಕಲ್ಕತ್ತೆಯಲ್ಲಿ ಬಹಿರಂಗ ಹರಾಜು ಮಾಡುತ್ತಿದ್ದರು. ಇಲ್ಲಿಯ ಚಮತ್ಕಾರವನ್ನು ಗಮನಿಸಿ. ಕಂಪನಿಯ ಸ್ವಂತ ಹಡಗು ಒಂದು ಪೆಟ್ಟಿಗೆಯನ್ನೂ ಚೀನಾಕ್ಕೆ ಒಯ್ಯುವಂತಿರಲಿಲ್ಲ! ಒಯ್ದು ಸಿಕ್ಕಿಬಿದ್ದರೆ ಚಹಾದ ವ್ಯಾಪಾರ ಕೆಡುತ್ತದಲ್ಲ. ಹರಾಜಿನಲ್ಲಿ ಕೊಂಡ ಖಾಸಗಿ ಸಾಹುಕಾರರು ಒಯ್ಯುತ್ತಿದ್ದರು. ಕ್ಯಾಂಟನ್ ಬಂದರಿನ ಹೊರಗೆ ಲಂಗರು ಹಾಕಿದ ಹಳೆಯ ಹಡಗುಗಳಲ್ಲಿ ದಾಸ್ತಾನು ಇಡುತ್ತಿದ್ದರು. ಅಲ್ಲಿಂದ ದೋಣಿಗಳು ರಾತ್ರೋರಾತ್ರಿ ದಡ ಸೇರುತ್ತಿದ್ದವು. ಬಂದ ಬೆಳ್ಳಿಯನ್ನು ಅದೇ ಸಾಹುಕಾರರು ಕ್ಯಾಂಟನ್ನಿನಲ್ಲಿದ್ದ ಕಂಪನಿಯ ಖಜಾನೆಗೆ ಕಟ್ಟಿ ಹುಂಡಿ ಪಡೆಯುತ್ತಿದ್ದರು. ಆ ಬೆಳ್ಳಿಯಿಂದ ಕಂಪನಿ ಚಹಾ ಕೊಳ್ಳುತ್ತಿತ್ತು. ಬೆಳೆಸಿದವರೂ ಅವರೇ, ಹಣ ಮುಟ್ಟಿದವರೂ ಅವರೇ. ನಡುವೆ ಮೂಟೆ ಹೊತ್ತವನು ಮಾತ್ರ ಬೇರೆ.

ನಮ್ಮವರ ಕೈಯೂ ಶುದ್ಧವಾಗಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಮಾಳವದ ದೇಶೀ ಸಂಸ್ಥಾನಗಳ ಅಫೀಮು ಬೊಂಬಾಯಿಯ ಮೂಲಕ ಹೋಗುತ್ತಿತ್ತು. ಅಲ್ಲಿಯ ಭಾರತೀಯ ವರ್ತಕರು ಅದರಿಂದ ಅಪಾರ ಗಳಿಸಿದರು. ಅವರಲ್ಲಿ ಪ್ರಸಿದ್ಧರಾದ ಜಮ್ಶೇಟ್‌ಜಿ ಜೀಜೀಭಾಯ್ ಅವರಿಗೆ 1842 ರಲ್ಲಿ ಬ್ರಿಟಿಷ್ ಸರ್ಕಾರ 'ಸರ್' ಪದವಿ ಕೊಟ್ಟಿತು. ಆ ಹಣದಿಂದ ಆಸ್ಪತ್ರೆ, ಶಾಲೆಗಳೂ ಎದ್ದವು, ನಿಜ. ಆದರೆ ಆ ಹಣ ಯಾರ ಮನೆಯ ದೀಪ ಆರಿಸಿ ಬಂದದ್ದೆಂಬುದನ್ನೂ ಲೆಕ್ಕದಲ್ಲಿ ಬರೆಯಬೇಕು.

ಒಬ್ಬ ಪ್ರಾಮಾಣಿಕ ಅಧಿಕಾರಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೀನಾಕ್ಕೆ ವರ್ಷಕ್ಕೆ ನಾಲ್ಕು ಸಾವಿರ ಪೆಟ್ಟಿಗೆಯ ಆಸುಪಾಸಿನಲ್ಲಿ ಹೋಗುತ್ತಿದ್ದ ಅಫೀಮು, 1838 ರ ಹೊತ್ತಿಗೆ ನಲವತ್ತು ಸಾವಿರ ಪೆಟ್ಟಿಗೆಗೆ ಏರಿತು. ಆಗ ಚಕ್ರವರ್ತಿ ಲಿನ್ ಝೆಶು ಎಂಬ ಅಧಿಕಾರಿಯನ್ನು ಕ್ಯಾಂಟನ್ನಿಗೆ ಕಳುಹಿಸಿದ. ಲಿನ್ ಲಂಚ ಮುಟ್ಟದವನೆಂದು ಹೆಸರಾದವನು. 1839 ರ ಮಾರ್ಚಿನಲ್ಲಿ ಬಂದವನೇ ವಿದೇಶಿ ವರ್ತಕರನ್ನು ಅವರ ಕೋಠಿಗಳಲ್ಲೇ ದಿಗ್ಬಂಧಿಸಿ, ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಪೆಟ್ಟಿಗೆಗಳನ್ನು ವಶಪಡಿಸಿಕೊಂಡ. ಜೂನ್ 3 ರಿಂದ ಮೊದಲುಮಾಡಿ ಇಪ್ಪತ್ತಮೂರು ದಿನ, ಹುಮೆನ್ ಎಂಬಲ್ಲಿ, ಸಮುದ್ರದ ದಡದಲ್ಲಿ ಹೊಂಡ ತೋಡಿಸಿ, ಉಪ್ಪು ಸುಣ್ಣ ಬೆರೆಸಿ, ಆ ಅಫೀಮನ್ನೆಲ್ಲ ಕರಗಿಸಿ ಕಡಲಿಗೆ ಹರಿಸಿದ. ಸರಕನ್ನು ಹಿಡಿದ ಅಧಿಕಾರಿಗಳು ಒಂದು ಭಾಗವನ್ನು ಹಿಂಬಾಗಿಲಿನಿಂದ ಮಾರುವುದು ಎಲ್ಲ ಕಾಲದ ಚಾಳಿ. ಲಿನ್ ಹಾಗೆ ಮಾಡಲಿಲ್ಲ. ಇಂದು ನಾವು ಜೂನ್ 26 ನ್ನು ಆಚರಿಸುತ್ತಿದ್ದೇವೆ. ವಿಶ್ವಸಂಸ್ಥೆ 1987 ರಲ್ಲಿ ಗೊತ್ತುಮಾಡಿದ ಈ ದಿನ, ಲಿನ್ ತನ್ನ ಕೆಲಸ ಮುಗಿಸಿದ ದಿನದ ಮಗ್ಗುಲಲ್ಲೇ ಇದೆ.

ಲಿನ್ ವಿಕ್ಟೋರಿಯಾ ರಾಣಿಗೆ ಒಂದು ಪತ್ರವನ್ನೂ ಬರೆದ. ನಿಮ್ಮ ದೇಶದಲ್ಲಿ ಹಾನಿಯೆಂದು ತಿಳಿದ ವಸ್ತುವನ್ನು ನಮ್ಮ ದೇಶಕ್ಕೆ ಲಾಭಕ್ಕಾಗಿ ಕಳುಹಿಸುವುದು ಯಾವ ನ್ಯಾಯ ಎಂಬುದು ಅದರ ತಾತ್ಪರ್ಯ. ಉತ್ತರ ಬಂದದ್ದು ಫಿರಂಗಿಯ ಬಾಯಿಂದ. 1840 ರ ಏಪ್ರಿಲಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ಗ್ಲ್ಯಾಡ್‌ಸ್ಟನ್ ಎಂಬ ಯುವಕ ಸದಸ್ಯ ಈ ಯುದ್ಧವನ್ನು ನಾಚಿಕೆಗೇಡೆಂದು ಖಂಡಿಸಿದ. ಆದರೆ ಸರ್ಕಾರದ ನೀತಿಯನ್ನು ಖಂಡಿಸುವ ಸೂಚನೆ ಒಂಬತ್ತು ಮತಗಳಿಂದ ಬಿದ್ದುಹೋಯಿತು: ಅದರ ಪರ 262, ವಿರುದ್ಧ 271. ಯುದ್ಧ ಮುಂದುವರಿಯಿತು. ಅದರಲ್ಲಿ ಹೋರಾಡಿದವರಲ್ಲಿ ಮದ್ರಾಸಿನ ದೇಶೀ ಪದಾತಿಗಳೂ ಇದ್ದರು. ಹೊಲ ಬಿಹಾರದ ರೈತನದು, ಬಂದೂಕು ಹೊತ್ತ ಹೆಗಲೂ ಭಾರತೀಯನದು, ಸತ್ತವನು ಚೀನೀಯ!

1842 ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟಿತು, ಐದು ಬಂದರುಗಳನ್ನು ತೆರೆಯಿತು, ಎರಡು ಕೋಟಿ ಹತ್ತು ಲಕ್ಷ ಬೆಳ್ಳಿ ಡಾಲರ್ ತೆತ್ತಿತು. ಅದರಲ್ಲಿ ಅರವತ್ತು ಲಕ್ಷ ಲಿನ್ ಕರಗಿಸಿದ ಅಫೀಮಿನ ಬೆಲೆ. ಕಳ್ಳಮಾಲಿಗೆ ಪರಿಹಾರ! ಎರಡನೆಯ ಅಫೀಮು ಯುದ್ಧದ ನಡುವೆ, 1858 ರಲ್ಲಿ, ಚೀನಾ ಅಫೀಮಿನ ಆಮದನ್ನು ಸಕ್ರಮವೆಂದು ಒಪ್ಪಬೇಕಾಯಿತು. ಲಿನ್ ಏನಾದ? ಅವನನ್ನು ಕೆಲಸದಿಂದ ತೆಗೆದು ದೂರದ ಗಡಿನಾಡಿಗೆ ಗಡೀಪಾರು ಮಾಡಿದರು.

ಮಿತ್ರರೇ, ನಾನು ಹಳೆಯ ಕಥೆ ಹೇಳಿ ಕಾಲ ಕಳೆಯುತ್ತಿಲ್ಲ. ಈ ಕಥೆಯಲ್ಲಿ ಒಂದು ಅಚ್ಚು ಇದೆ. ಸಾಲದಲ್ಲಿ ಮುಳುಗಿದ ರೈತ ಒಂದು ತುದಿ. ಚಟಕ್ಕೆ ಬಿದ್ದ ಬಡವ ಇನ್ನೊಂದು ತುದಿ. ನಡುವೆ ಲಾಭ ಎಣಿಸುವವರು. ಕಾನೂನಿನ ಕೈ ತುದಿಗಳನ್ನು ಹಿಡಿಯುತ್ತದೆ, ನಡುವನ್ನು ಮುಟ್ಟುವುದಿಲ್ಲ. ಈ ಅಚ್ಚು ಮುಂದೆ ಎಲ್ಲೆಲ್ಲಿ ಕಾಣುತ್ತದೆಯೆಂದು ನೋಡಿ.

ಒಪ್ಪಂದಗಳ ಕಾಲ

ಈ ಅನ್ಯಾಯದ ವಿರುದ್ಧ ದನಿಯೇ ಏಳಲಿಲ್ಲವೆಂದಲ್ಲ. ದಾದಾಭಾಯಿ ನವರೋಜಿಯವರು ಇದನ್ನು ಇಂಗ್ಲೆಂಡಿಗೆ ಕಳಂಕವೆಂದು ಬರೆದರು. ಇಪ್ಪತ್ತು ವರ್ಷದ ಹುಡುಗ ರವೀಂದ್ರನಾಥ ಠಾಕೂರರು 1881 ರಲ್ಲಿ ಚೀನಾದ ಈ ಮರಣ ವ್ಯಾಪಾರವನ್ನು ಕುರಿತು ಬಂಗಾಳಿಯಲ್ಲಿ ಲೇಖನ ಬರೆದರು. ಚೀನಾದ ಜನ, ಇಂಗ್ಲೆಂಡಿನ ಧರ್ಮಭೀರುಗಳು, ಅಮೆರಿಕದ ಪಾದ್ರಿಗಳು ಒತ್ತಾಯ ತಂದರು. 1909 ರಲ್ಲಿ ಷಾಂಘೈ ನಗರದಲ್ಲಿ ಹದಿಮೂರು ದೇಶಗಳ ಆಯೋಗ ಸೇರಿತು. 1912 ರಲ್ಲಿ ಹೇಗ್ ನಗರದಲ್ಲಿ ಮೊದಲ ಅಂತರರಾಷ್ಟ್ರೀಯ ಅಫೀಮು ಒಪ್ಪಂದವಾಯಿತು. 1925 ರ ಜಿನೀವಾ ಒಪ್ಪಂದ ಒಂದು ಒಳ್ಳೆಯ ಕ್ರಮ ತಂದಿತು: ಒಂದು ದೇಶದಿಂದ ಮಾಲು ಹೊರಡಬೇಕಾದರೆ ಕೊಳ್ಳುವ ದೇಶದ ಸರ್ಕಾರ 'ಇದು ನಮಗೆ ಬೇಕು' ಎಂದು ಪತ್ರ ಕೊಡಬೇಕು.

ನಮ್ಮ ದೇಶದಲ್ಲೂ ಚಳವಳಿ ನಡೆಯಿತು. ಅಸ್ಸಾಮಿನಲ್ಲಿ ಸರ್ಕಾರವೇ ಅಫೀಮು ಮಾರಿ ಜನರನ್ನು ಹಾಳುಮಾಡುತ್ತಿದ್ದಾಗ, ಕಾಂಗ್ರೆಸ್ಸು ಸಿ. ಎಫ್. ಆಂಡ್ರೂಸರ ನೆರವಿನಿಂದ ವಿಚಾರಣಾ ಸಮಿತಿ ನಡೆಸಿ 1925 ರಲ್ಲಿ ವರದಿ ಪ್ರಕಟಿಸಿತು. ಔಷಧಿಯಲ್ಲದ ಉಪಯೋಗಕ್ಕೆ ಅಫೀಮು ರಫ್ತು ಮಾಡುವುದನ್ನು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ಇಳಿಸಿ, 1935 ರ ಕೊನೆಗೆ ನಿಲ್ಲಿಸುವುದಾಗಿ ಭಾರತ ಸರ್ಕಾರ 1926 ರಲ್ಲಿ ಒಪ್ಪಬೇಕಾಯಿತು. ಜನಾಭಿಪ್ರಾಯಕ್ಕೆ ಬೊಕ್ಕಸವನ್ನೂ ಬಗ್ಗಿಸುವ ಶಕ್ತಿಯಿದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಮಹಾಯುದ್ಧದ ನಂತರ ವಿಶ್ವಸಂಸ್ಥೆ ಈ ಹೊಣೆ ಹೊತ್ತಿತು. ಇಂದು ನಡೆಯುತ್ತಿರುವ ವ್ಯವಸ್ಥೆಗೆ ಮೂರು ಕಂಬಗಳು. 1961 ರ ಏಕೀಕೃತ ಒಪ್ಪಂದ ಅಫೀಮು, ಕೋಕಾ, ಗಾಂಜಾಗಳನ್ನು ಹತೋಟಿಗೆ ತಂದಿತು. 1971 ರದು ಮನಸ್ಸಿನ ಮೇಲೆ ಕೆಲಸ ಮಾಡುವ ಗುಳಿಗೆಗಳನ್ನು. 1988 ರದು ಕಳ್ಳಸಾಗಣೆಯ ಹಣವನ್ನು ಮಡಿ ಮಾಡುವುದನ್ನೂ, ತಯಾರಿಕೆಗೆ ಬೇಕಾದ ರಾಸಾಯನಿಕಗಳನ್ನೂ ಹಿಡಿಯಹೊರಟಿತು. ನಮ್ಮ ದೇಶ 1985 ರಲ್ಲಿ ಈ ಕುರಿತು ಕಠಿಣ ಶಾಸನ ಮಾಡಿತು. ಮರುವರ್ಷ ಕೇಂದ್ರ ಮಾದಕ ವಸ್ತು ನಿಯಂತ್ರಣ ದಳ ಸ್ಥಾಪನೆಯಾಯಿತು.

ಈ ಒಪ್ಪಂದಗಳಿಂದ ಏನೂ ಆಗಲಿಲ್ಲವೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಸರ್ಕಾರಗಳೇ ಅಂಗಡಿ ತೆರೆದು ಅಮಲು ಮಾರುವ ಕಾಲ ಮುಗಿಯಿತು. ಇಂದಿಗೂ ಭಾರತದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಲೈಸೆನ್ಸಿನ ಮೇಲೆ ಅಫೀಮು ಬೆಳೆಯುತ್ತಾರೆ. ಅದು ಗಾಜೀಪುರ ಮತ್ತು ನೀಮಚ್ ಕಾರ್ಖಾನೆಗಳಿಗೆ ಹೋಗಿ ಔಷಧಿಯಾಗುತ್ತದೆ. ಹೌದು, ಅದೇ ಗಾಜೀಪುರ! ಆದರೆ ಕಾನೂನಿನ ಬಿಗಿ ಎಷ್ಟು ಕುರುಡಾಗಬಲ್ಲುದೆಂದರೆ, ಜಗತ್ತಿಗೆ ಅಫೀಮು ಒದಗಿಸುವ ಈ ದೇಶದಲ್ಲಿ ಕ್ಯಾನ್ಸರಿನಿಂದ ನರಳುವ ಹಳ್ಳಿಗನಿಗೆ ಒಂದು ಮಾರ್ಫಿನ್ ಗುಳಿಗೆ ಸಿಕ್ಕುವುದು ದುರ್ಲಭವಾಯಿತು. ಹಲವು ಲೈಸೆನ್ಸುಗಳ ಭಯದಿಂದ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014 ರಲ್ಲಿ ಕಾನೂನು ತಿದ್ದುಪಡಿಯಾಗಿ ದಾರಿ ಸ್ವಲ್ಪ ತೆರೆದಿದೆ. ಹಳ್ಳಿಯವರೆಗೆ ಇನ್ನೂ ಬಂದಿಲ್ಲ.

ಬೆಳೆ ಕಿತ್ತರೆ ಸಾಕೇ?

ಈಗ ನಮ್ಮ ಕಾಲಕ್ಕೆ ಬರೋಣ. ಆಫ್ಘಾನಿಸ್ತಾನದಲ್ಲಿ 1979 ರಿಂದ ನಡೆದ ಯುದ್ಧಗಳು ಕಾಲುವೆ, ತೋಟ, ರಸ್ತೆಗಳನ್ನು ನಾಶಮಾಡಿದವು. ಉಳಿದ ಬೆಳೆ ಅಫೀಮು. ಒಣ ನೆಲದಲ್ಲೂ ಬರುತ್ತದೆ, ಕೊಳೆಯುವುದಿಲ್ಲ, ಕೊಳ್ಳುವವನು ಮನೆ ಬಾಗಿಲಿಗೆ ಬರುತ್ತಾನೆ. ಅಲ್ಲಿ 'ಸಲಾಮ್' ಎಂಬ ಪದ್ಧತಿಯಿದೆ. ಚಳಿಗಾಲದಲ್ಲಿ ಮನೆಯಲ್ಲಿ ಕಾಳಿಲ್ಲದಾಗ ರೈತ ಇನ್ನೂ ಬೆಳೆಯದ ಅಫೀಮನ್ನು ಮುಂಗಡಕ್ಕೆ ಅತಿ ಕಡಿಮೆ ಬೆಲೆಗೆ ಮಾರಿಬಿಡುತ್ತಾನೆ. ಬಿಹಾರದ ಅಸಾಮಿಯ ಮುಂಗಡಕ್ಕೂ ಇದಕ್ಕೂ ವ್ಯತ್ಯಾಸವೇನು? ಬೆಳೆ ಕೆಟ್ಟರೆ ಸಾಲ ತೀರಿಸಲು ಹೆಣ್ಣುಮಕ್ಕಳನ್ನೇ ಕೊಟ್ಟ ಘಟನೆಗಳು ವರದಿಯಾಗಿವೆ.

2022 ರ ಏಪ್ರಿಲಿನಲ್ಲಿ ತಾಲಿಬಾನ್ ಆಡಳಿತ ಅಫೀಮು ಬೆಳೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಲೆಕ್ಕದಂತೆ ಒಂದೇ ವರ್ಷದಲ್ಲಿ ಬೆಳೆಯ ಪ್ರದೇಶ 2,33,000 ಹೆಕ್ಟೇರಿನಿಂದ 10,800 ಹೆಕ್ಟೇರಿಗೆ, ಉತ್ಪನ್ನ 6,200 ಟನ್ನಿನಿಂದ 333 ಟನ್ನಿಗೆ ಇಳಿಯಿತು. ಜಗತ್ತು ಚಪ್ಪಾಳೆ ತಟ್ಟಿತು. ಆದರೆ ರೈತರ ಆದಾಯ 136 ಕೋಟಿ ಡಾಲರಿನಿಂದ 11 ಕೋಟಿಗೆ ಇಳಿಯಿತು. ಅಫೀಮಿನ ಜಾಗದಲ್ಲಿ ಬಿತ್ತಿದ ಗೋಧಿ ಅದರ ಹತ್ತನೆಯ ಒಂದು ಪಾಲನ್ನೂ ಕೊಡಲಿಲ್ಲ. ಹಳೆಯ ದಾಸ್ತಾನು ಇಟ್ಟಿದ್ದ ದೊಡ್ಡ ಕುಳಗಳಿಗೆ ಮಾತ್ರ ಬೆಲೆ ಏರಿ ಲಾಭವೇ ಆಯಿತು. 2023 ರಲ್ಲಿ ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, 1,080 ಟನ್ ಬೆಳೆದು ಮೊದಲ ಸ್ಥಾನಕ್ಕೆ ಬಂತು. ಅಲ್ಲೂ ಯುದ್ಧ, ಅಲ್ಲೂ ಹಸಿವು.

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲೂ ಇದೇ ಪಾಠ. 2000 ದಿಂದ ಅಮೆರಿಕ ಕೋಟಿಗಟ್ಟಲೆ ಡಾಲರ್ ಸುರಿಯಿತು. ವಿಮಾನದಿಂದ ಕೋಕಾ ಹೊಲಗಳ ಮೇಲೆ ಕಳೆನಾಶಕ ಸುರಿಸಲಾಯಿತು. 2015 ರಲ್ಲಿ ಅದನ್ನು ಆರೋಗ್ಯದ ಕಾರಣಕ್ಕೆ ನಿಲ್ಲಿಸಬೇಕಾಯಿತು. 2023 ರಲ್ಲಿ ಅಲ್ಲಿಯ ಕೋಕಾ 2,53,000 ಹೆಕ್ಟೇರ್, ಯೋಜನೆ ಆರಂಭವಾದಾಗ ಇದ್ದುದಕ್ಕಿಂತ ಹೆಚ್ಚು!

ಗೆದ್ದ ಉದಾಹರಣೆಯೂ ಇದೆ, ಅದನ್ನು ಮರೆಯಬಾರದು. ಥೈಲ್ಯಾಂಡಿನ ಉತ್ತರದ ಬೆಟ್ಟಗಳಲ್ಲಿ ಗುಡ್ಡಗಾಡಿನ ಜನ ಅಫೀಮು ಬೆಳೆಯುತ್ತಿದ್ದರು. 1969 ರಿಂದ ಅಲ್ಲಿ ಬೇರೆ ಬೆಳೆಗಳ ಪ್ರಯೋಗ ನಡೆಯಿತು. 1988 ರಲ್ಲಿ ದೋಯ್ ತುಂಗ್ ಬೆಟ್ಟದಲ್ಲಿ ದೊಡ್ಡ ಯೋಜನೆ ಆರಂಭವಾಯಿತು. ಮೊದಲು ರಸ್ತೆ, ಆಸ್ಪತ್ರೆ, ಶಾಲೆ. ಆಮೇಲೆ ಕಾಫಿ, ಹಣ್ಣು, ಕೈಕಸುಬು. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಗೊತ್ತು: ಕಾಫಿ ಗಿಡ ನೆಟ್ಟ ವರ್ಷವೇ ಫಲ ಕೊಡುವುದಿಲ್ಲ. ಆ ನಡುವಿನ ವರ್ಷಗಳಲ್ಲಿ ರೈತನ ಹೊಟ್ಟೆ ನೋಡಿಕೊಂಡವರಿದ್ದರು. ಆದ್ದರಿಂದ ಆ ಯೋಜನೆ ಗೆದ್ದಿತು. ಆದರೆ ಅದಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಗಿಡ ಕೀಳುವುದಕ್ಕೆ ಒಂದು ದಿನ ಸಾಕು, ಬದುಕು ನೆಡುವುದಕ್ಕೆ ಒಂದು ತಲೆಮಾರು ಬೇಕು.

ನಡುವಿನವರು

ಇನ್ನು ನಡುವಿನವರ ವಿಷಯ. ಕಳ್ಳಸಾಗಣೆಯೆಂದರೆ ಕತ್ತಲಲ್ಲಿ ನಡೆಯುವ ವ್ಯಾಪಾರವೆಂದು ನಾವು ಭಾವಿಸಿದ್ದೇವೆ. ಅದರ ದೊಡ್ಡ ಭಾಗ ಹಗಲಿನಲ್ಲೇ, ರಸೀದಿಯೊಂದಿಗೆ ನಡೆಯುತ್ತದೆ.

2021 ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರುಗಳಿಂದ ಸುಮಾರು ಮೂರು ಸಾವಿರ ಕಿಲೋ ಹೆರಾಯಿನ್ ಹಿಡಿದರು. ಆಫ್ಘಾನಿಸ್ತಾನದ್ದು, ಇರಾನಿನ ಬಂದರಿನ ಮೂಲಕ ಬಂದದ್ದು. ಕಾಗದಪತ್ರದಲ್ಲಿ ಅದು ಬಳಪದ ಕಲ್ಲು. ಮೂರು ಸಾವಿರ ಕಿಲೋ! ಇದು ಲಾರಿ ಕ್ಲೀನರನ ಬಂಡವಾಳವೇ?

ಈಗ ಬ್ಯಾಂಕಿನ ಕಥೆ. 1842 ರಲ್ಲಿ ಇಂಗ್ಲಿಷರು ಕಸಿದ ಹಾಂಗ್‌ಕಾಂಗಿನಲ್ಲಿ 1865 ರಲ್ಲಿ ಒಂದು ಬ್ಯಾಂಕು ಹುಟ್ಟಿತು. ಅದರ ಸ್ಥಾಪಕ ಸಮಿತಿಯಲ್ಲಿ ಅಫೀಮು ವರ್ತಕರೂ ಇದ್ದರು. ಅದೇ ಇಂದಿನ ಎಚ್‌ಎಸ್‌ಬಿಸಿ. ಮೆಕ್ಸಿಕೋ ಮತ್ತು ಕೊಲಂಬಿಯಾದ ಕೋಕೇನ್ ತಂಡಗಳ ಕನಿಷ್ಠ 88 ಕೋಟಿ ಡಾಲರ್ ತನ್ನ ಮೂಲಕ ಹರಿಯಲು ತನ್ನ ಅಲಕ್ಷ್ಯ ಎಡೆಗೊಟ್ಟಿತೆಂದು ಆ ಬ್ಯಾಂಕು 2012 ರಲ್ಲಿ ಅಮೆರಿಕದ ಸರ್ಕಾರದ ಮುಂದೆ ಒಪ್ಪಿಕೊಂಡಿತು. ಮೆಕ್ಸಿಕೋದ ಶಾಖೆಗಳಲ್ಲಿ ಗಲ್ಲಾ ಕಿಟಕಿಯ ಅಳತೆಗೇ ಸರಿಯಾಗಿ ಮಾಡಿಸಿದ ಪೆಟ್ಟಿಗೆಗಳಲ್ಲಿ ನೋಟು ತುಂಬಿ ತಂದು ಕಟ್ಟುತ್ತಿದ್ದರಂತೆ! ಬ್ಯಾಂಕು ಸುಮಾರು 190 ಕೋಟಿ ಡಾಲರ್ ತೆತ್ತಿತು. ಅದು ಅದರ ಕೆಲವೇ ವಾರಗಳ ಲಾಭ. ಆ ಪ್ರಕರಣದಲ್ಲಿ ಬ್ಯಾಂಕಿನ ಒಬ್ಬ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಒಂದು ಮೂಟೆಗೆ ಹತ್ತು ವರ್ಷ. 88 ಕೋಟಿ ಡಾಲರಿಗೆ ಒಂದು ದಿನವೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿ ಲೆಕ್ಕದಲ್ಲಿ ಚುರುಕಾಗಿದ್ದನೆಂದೆನಲ್ಲ, ಈ ತ್ರೈರಾಶಿಯನ್ನು ಅವನಿಗೆ ನಾನು ಹೇಗೆ ಬಿಡಿಸಿ ತೋರಿಸಲಿ?

ಔಷಧಿ ಕಂಪನಿಗಳೂ ಇದರಿಂದ ಹೊರತಲ್ಲ. ಅಮೆರಿಕದ ಪರ್ಡ್ಯೂ ಕಂಪನಿ 1996 ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು, ಚಟ ಹಿಡಿಯುವ ಭಯ ಕಡಿಮೆಯೆಂದು ಹೇಳಿ ಮಾರಿತು. 2007 ರಲ್ಲೂ 2020 ರಲ್ಲೂ ಅಪರಾಧ ಒಪ್ಪಿಕೊಂಡಿತು. ಗುಳಿಗೆಯಿಂದ ಚಟ ಹತ್ತಿದವರಲ್ಲಿ ಎಷ್ಟೋ ಜನ ಹೆರಾಯಿನಿಗೆ, ಆಮೇಲೆ ಫೆಂಟನಿಲ್ ಎಂಬ ಕೃತಕ ವಿಷಕ್ಕೆ ಬಿದ್ದರು. 2021, 2022, 2023 ಈ ಮೂರು ವರ್ಷಗಳಲ್ಲೂ ಆ ದೇಶದಲ್ಲಿ ಮಾದಕ ವಸ್ತು ಮಿತಿಮೀರಿ ಸತ್ತವರು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು.

ಅಮೆರಿಕದವರನ್ನು ಬೈದು ನಾವು ಸುಮ್ಮನಾಗುವಂತಿಲ್ಲ. ನಮ್ಮ ದೇಶದಲ್ಲಿ ತಯಾರಾದ ಟ್ರಮಡಾಲ್ ಗುಳಿಗೆಗಳು ವರ್ಷಗಟ್ಟಲೆ ಪಶ್ಚಿಮ ಆಫ್ರಿಕದ ಬೀದಿಗಳಿಗೆ ಹರಿದವು. 2018 ರಲ್ಲಿ ಅದನ್ನು ಮಾದಕ ವಸ್ತು ಕಾನೂನಿಗೆ ಒಳಪಡಿಸಿದ ಮೇಲೆ, ಟಪೆಂಟಡಾಲ್ ಎಂಬ ಇನ್ನೊಂದು ಔಷಧಿಯನ್ನು ಬೇರೊಂದರೊಡನೆ ಬೆರೆಸಿ ಕಳುಹಿಸತೊಡಗಿದರು. ವಿದೇಶಿ ಸುದ್ದಿಸಂಸ್ಥೆಯೊಂದು ಅದನ್ನು ಬಯಲಿಗೆಳೆದ ನಂತರವೇ, 2025 ರ ಫೆಬ್ರವರಿಯಲ್ಲಿ, ನಮ್ಮ ಸರ್ಕಾರ ಆ ಬೆರಕೆಯ ಅನುಮತಿಯನ್ನು ಹಿಂತೆಗೆದುಕೊಂಡಿತು. ಒಂದು ಕಾಲದಲ್ಲಿ ಚೀನಾದ ಬಡವನಿಗೆ ಈ ನೆಲದಿಂದ ವಿಷ ಹೋಯಿತು. ಆಗ ನಾವು ಪರಾಧೀನರು ಎಂಬ ನೆಪವಿತ್ತು. ಇಂದು ಘಾನಾದ, ನೈಜೀರಿಯಾದ ಬಡವನಿಗೆ ಯಾವ ನೆಪ ಹೇಳೋಣ?

ಕಾನೂನಿನಲ್ಲಿ ಹಣದ ಬೆನ್ನು ಹತ್ತುವ ಅಧಿಕಾರವಿಲ್ಲದಿಲ್ಲ. 1988 ರ ಒಪ್ಪಂದದಲ್ಲೇ ಇದೆ. ಆದರೂ ಜಗತ್ತಿನಲ್ಲಿ ಮಡಿಯಾಗಿ ಹರಿಯುವ ಅಪರಾಧದ ಹಣದಲ್ಲಿ ನೂರಕ್ಕೆ ಒಂದು ಪಾಲೂ ವಶವಾಗುತ್ತಿಲ್ಲವೆಂದು ವಿಶ್ವಸಂಸ್ಥೆಯ ಕಚೇರಿಯೇ 2011 ರಲ್ಲಿ ಹೇಳಿತು. ಬಲೆ ಇದೆ, ಅದನ್ನು ಸಣ್ಣ ಮೀನಿರುವ ಕಡೆಗೇ ಬೀಸುತ್ತಾರೆ.

ನಾವೇನು ಮಾಡಬೇಕು?

ನಾನು ಅಪರಾಧವನ್ನು ಸಮರ್ಥಿಸುತ್ತಿಲ್ಲ. ಗಾಂಜಾ, ಗುಳಿಗೆ, ಪುಡಿ ಯಾವುದನ್ನೂ ಹಗುರವಾಗಿ ಕಾಣುತ್ತಿಲ್ಲ. ಚಟಕ್ಕೆ ಬಿದ್ದ ಮನೆಗಳ ಗೋಳನ್ನು ಕಂಡವನು ಹಾಗೆ ಮಾತಾಡಲಾರ. ನಾನು ಹೇಳುವುದು ಮೂರು ಮಾತು.

ಮೊದಲನೆಯದು, ತನಿಖೆ ಮೇಲಕ್ಕೆ ಹತ್ತಬೇಕು. ಪ್ರತಿಯೊಂದು ಮೂಟೆಗೂ ಕಳುಹಿಸಿದವನು, ಲಾರಿಯ ಮಾಲೀಕ, ಹಣ ಹಾಕಿದವನು, ಹಣ ಮುಟ್ಟಿದ ಖಾತೆ ಇದ್ದೇ ಇರುತ್ತದೆ. 1985 ರ ಶಾಸನ ಮೊದಲು ಸಾಗಿಸಿದವನು ಎಷ್ಟು ತಂದನೆಂದು ನೋಡದೆ ಹತ್ತು ವರ್ಷ ವಿಧಿಸುತ್ತಿತ್ತು. 2001 ರಲ್ಲಿ ಪ್ರಮಾಣ ನೋಡಿ ಶಿಕ್ಷೆ ಎಂದಾಯಿತು. ಅದು ಒಂದು ಹೆಜ್ಜೆ. ಕೂಲಿಗೆ ಹೊತ್ತವನನ್ನೂ ಲಾಭಕ್ಕೆ ಹೊರಿಸಿದವನನ್ನೂ ಬೇರೆಬೇರೆಯಾಗಿ ನೋಡುವುದು ಮುಂದಿನ ಹೆಜ್ಜೆ. ಬಂಧನದಲ್ಲಿರುವ ಯಾರಿಗೇ ಆಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವೆಚ್ಚವಿಲ್ಲದೆ ವಕೀಲರ ನೆರವು ಪಡೆಯುವ ಹಕ್ಕಿದೆ. ಇದು ಎಷ್ಟು ತಾಯಂದಿರಿಗೆ ಗೊತ್ತು? ಗೊತ್ತುಮಾಡುವುದು ನಮ್ಮ ಕೆಲಸ.

ಎರಡನೆಯದು, ಚಟಕ್ಕೆ ಬಿದ್ದವನು ರೋಗಿ. 2019 ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಅಫೀಮಿನ ವರ್ಗದ ವಸ್ತುಗಳಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 77 ಲಕ್ಷ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಕೆಲವರಿಗೆ ಮಾತ್ರ ಚಿಕಿತ್ಸೆ ಸಿಕ್ಕಿದೆ. ಪೋರ್ಚುಗಲ್ ದೇಶ 2001 ರಿಂದ ಸ್ವಂತ ಉಪಯೋಗಕ್ಕೆ ಅಲ್ಪಸ್ವಲ್ಪ ಇಟ್ಟುಕೊಂಡವನನ್ನು ಜೈಲಿಗೆ ಕಳುಹಿಸದೆ, ವೈದ್ಯರೂ ಸಮಾಜ ಕಾರ್ಯಕರ್ತರೂ ಇರುವ ಸಮಿತಿಯ ಮುಂದೆ ಕರೆಸುತ್ತಿದೆ. ಸೂಜಿಯ ಮೂಲಕ ಹರಡುತ್ತಿದ್ದ ಏಡ್ಸ್ ಸೋಂಕು ಅಲ್ಲಿ ಬಹಳವಾಗಿ ಇಳಿಯಿತು. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇದಕ್ಕೆ ಹಾಸಿಗೆ ಎಷ್ಟು, ವೈದ್ಯರು ಎಷ್ಟು ಎಂದು ನಾವು ಕೇಳಬೇಕು. ಸರ್ಕಾರದ 14446 ಎಂಬ ಉಚಿತ ದೂರವಾಣಿಯಿದೆ. ನಾಚಿಕೆ ಬಿಟ್ಟು ಉಪಯೋಗಿಸಿ.

ಮೂರನೆಯದು, ರೈತ. ನೀರು, ರಸ್ತೆ, ನ್ಯಾಯವಾದ ಬೆಲೆ, ಬಡ್ಡಿಯಿಲ್ಲದ ಸಾಲ ಇಲ್ಲದ ಕಡೆಗೆ ಮುಂಗಡ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ. ಅಂದು ಕಂಪನಿ ಬಂತು. ಇಂದು ಇನ್ನೊಬ್ಬ ಬರುತ್ತಾನೆ.

ಆ ತಾಯಿ ತಿಂಗಳಿಗೊಮ್ಮೆ ಬಸ್ಸಿಗೆ ಕಾಸು ಹೊಂದಿಸಿಕೊಂಡು ಮಗನನ್ನು ನೋಡಲು ಜೈಲಿಗೆ ಹೋಗಿಬರುತ್ತಾರೆ. ಲಾರಿಯ ಮಾಲೀಕನ ಹೇಳಿಕೆ ತೆಗೆದುಕೊಂಡರೇ, ಮೂಟೆ ಹೇರಿದ ಮಂಡಿಯ ಪುಸ್ತಕ ನೋಡಿದರೇ ಎಂದು ನಾವು ಬರಹದಲ್ಲಿ ಕೇಳಿದ್ದೇವೆ. ಉತ್ತರ ಬಂದಿಲ್ಲ. ಮುಂದಿನ ಸೋಮವಾರ ಮತ್ತೆ ಹೋಗುತ್ತೇವೆ. ಈ ಸಭೆಯಲ್ಲಿ ಕುಳಿತಿರುವ ಯುವಕರಲ್ಲಿ ಹತ್ತು ಜನ ಜೊತೆಗೆ ಬಂದರೆ, ಆ ಪ್ರಶ್ನೆಯನ್ನು ಕೇಳುವವರು ಒಬ್ಬ ತಾಯಿ ಮಾತ್ರ ಅಲ್ಲವೆಂದು ಅವರಿಗೂ ಗೊತ್ತಾಗುತ್ತದೆ.